ಎಂಟರ ಮಗ್ಗಿ

ಅಚಾವೊ ಬಂದರಿನಲ್ಲಿ, ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಕೋಣೆ ನನ್ನದು.
ಪುರಸಭೆಯ ಹಣ ಒಂದಕ್ಕೇ ಸಾಲುತ್ತಿತ್ತು:
ಸರ್ವರಿನ ಬಾಡಿಗೆ, ಇಲ್ಲವೇ
ಪರದೆಯ ಚಿತ್ರ ಬಿಡಿಸಿಕೊಡುವ ಯಾರೋ ಒಬ್ಬರು.
ಸರ್ವರ್ ಎಂದೆ.
ಹಾಗಾಗಿ ಇಲ್ಲಿ ಚಿತ್ರವಿಲ್ಲ, ಎಳೆದು ತಂದು ಕೂರಿಸುವ
ಬಣ್ಣದ ಚೌಕಗಳಿಲ್ಲ.
ಬರೆಯುತ್ತೇನೆ, ಓಡಿಸುತ್ತೇನೆ, ನೋಡುತ್ತೇನೆ, ಅಳಿಸುತ್ತೇನೆ.

ಕಂಬದೊಳಗೊಂದು ಸಾಲು, ಸಾಲಿನೊಳಗೊಂದು ಕಂಬ,
ಅದರ ಹೊಟ್ಟೆಯಲ್ಲಿ ಎರಡೇ ಪದ: ದೋಣಿ ಇದೆ.
ತೆರೆದ ಆವರಣವನ್ನು ಎಲ್ಲೋ ಮುಚ್ಚಲು ಮರೆತು
ಒಮ್ಮೆ ಇಡೀ ಕೆನಾಕ್ ದ್ವೀಪ
ಪರದೆಯಿಂದ ಜಾರಿಹೋಯಿತು.
ಎರಡು ದಿನ ಯಾರೂ ಕೇಳಲಿಲ್ಲ. ಕೆನಾಕಿನವರೂ.

ಅಂತರ ಬಿಡಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ.
ಎಂಟೊಂದ್ಲ ಎಂಟು, ಅಕ್ಷರಕ್ಕೂ ಗೆರೆಗೂ ನಡುವೆ.
ಎಂಟೆರಡ್ಲ ಹದಿನಾರು, ಅಂಚಿಗೆ.
ಎಂಟ್ಮೂರ್ಲ ಇಪ್ಪತ್ನಾಲ್ಕು, ಒಂದು ದ್ವೀಪಕ್ಕೂ ಇನ್ನೊಂದಕ್ಕೂ
(ನಿಜದ ನೀರಿನಲ್ಲಿ ಅದು ಒಂದೂವರೆ ತಾಸು,
ಬಡಗಣ ಗಾಳಿ ಸುಮ್ಮನಿದ್ದರೆ).
ಮಗ್ಗಿ ತಪ್ಪದಿದ್ದರೆ ಕಣ್ಣು ತಪ್ಪು ಹುಡುಕುವುದಿಲ್ಲ,
ಹಾಗಂತ ನಂಬಿದ್ದೆ.

ಪೇಟೆಯಲ್ಲಿ ಎಲ್ಲರದೂ ಒಂದೇ ಮಾತು:
ಅಪ್ಪ ನಕ್ಷೆಯಿಲ್ಲದೆ ದೋಣಿ ಕಟ್ಟಿದ,
ಮಗಳಿಗೆ ರಕ್ತದಲ್ಲೇ ಬಂದಿದೆ.
ಬಂದಿಲ್ಲ.
ಅಪ್ಪ ಹಲಗೆಯ ಮೇಲೆ ಅಂಗೈ ಆಡಿಸಿ,
ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ
ಉಬ್ಬಿದ ಕಡೆ ಉಳಿ ಇಡುತ್ತಿದ್ದ. ಅದು ಕಣ್ಣಳತೆ.
ನನಗೆ ಹಲಗೆ ಎಲ್ಲಿದೆ?
ನಾನು ಬರೆಯುವುದು ದೋಣಿಯಲ್ಲ, ದೋಣಿಯ ಬಗ್ಗೆ ಒಂದು ಕಾಗದ.
ಅದನ್ನು ಓದಿಕೊಂಡು ಒಂದೊಂದು ಫೋನೂ
ತನಗೆ ತಿಳಿದಂತೆ ಕಟ್ಟಿಕೊಳ್ಳುತ್ತದೆ,
ಮೇಷ್ಟರ ಹೊಸ ಗಾಜಿನಲ್ಲಿ ಒಂದು ಥರ,
ಟಿಕೆಟ್ ಮಾರುವ ಎದಿಲಿಯಾಳ ಬಿರುಕಿನ ಗಾಜಿನಲ್ಲಿ ಇನ್ನೊಂದು.

ಜೂನಿನಲ್ಲಿ ನೋಲ್ಬೆರ್ತೊ ಕಾರ್ಕಮೊ ಮೆಟ್ಟಿಲು ಹತ್ತಿ ಬಂದ,
ಮೈಯೆಲ್ಲ ಚಿಪ್ಪುಮೀನಿನ ವಾಸನೆ.
ನಿನ್ನ ಗುಂಡಿ ಸುಳ್ಳು ಹೇಳುತ್ತದೆ, ಎಂದ.
ನನ್ನ ಫೋನಿನಲ್ಲಿ ಸರಿಯಾಗಿದೆ, ಎಂದೆ.
ಈ ಕಸುಬಿನವರು ಬೇರೇನು ಹೇಳುತ್ತೇವೆ?

ಅವನು ಕೈಗವಸು ಕಳಚಿದ.
ಹೆಬ್ಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ,
ಹಿಂದೆಂದೋ ಲಂಗರಿನ ಹಗ್ಗ ತೆಗೆದುಕೊಂಡದ್ದು.
ಆ ಮೊಂಡು ತುದಿಯಿಂದ 'ಹೊರಟೆ' ಒತ್ತಿದರೆ
ಪಕ್ಕದ 'ರದ್ದು' ಬಿದ್ದಿತ್ತು.
ಅಲಾವೊ ದಂಡೆಯಲ್ಲಿ ಕಾದಿದ್ದ ಹನ್ನೊಂದು ಜನ
ಫೋನು ನೋಡಿ ಮನೆಗೆ ಹೋದರು.
ಇವನು ದೋಣಿ ಹಚ್ಚಿದಾಗ ಅಲ್ಲಿದ್ದದ್ದು
ಒಂದು ನಾಯಿ, ಒಂದು ಆಲೂಗಡ್ಡೆ ಮೂಟೆ.

ಶಾಯಿಯ ಡಬ್ಬಿ ಮುಂದಿಟ್ಟು ಕಾಗದ ತೋರಿಸಿದೆ.
ಸಹಿ ಹಾಕಬಲ್ಲೆ, ಹೆಬ್ಬೆಟ್ಟಿನ ಗಿರಾಕಿಯಲ್ಲ ನಾನು, ಎಂದ.
ಸಹಿ ಬೇಡ, ಬೆರಳೇ ಬೇಕು, ಎಂದೆ.
ಒತ್ತಿದ. ಮೂರು ಸಲ, ಮೂರೂ ಬೇರೆ.
ಅಳೆಪಟ್ಟಿ ಇಟ್ಟೆ.

ಎಂಟೆಂಟ್ಲ ಅರವತ್ನಾಲ್ಕು ಸಾಲದು.
ಎಂಟೊಂಬತ್ಲ ಎಪ್ಪತ್ತೆರಡು ಕೊಟ್ಟರೆ
ಎದಿಲಿಯಾಳ ಗಾಜಿನಲ್ಲಿ 'ರದ್ದು' ಮುರಿದು
ರ ಮೇಲೆ, ದ್ದು ಕೆಳಗೆ.
ಎಪ್ಪತ್ತೊಂದು ಬರೆದೆ.
ಎಂಟಕ್ಕಿರಲಿ, ಯಾವ ಮಗ್ಗಿಯ ಮನೆಯಲ್ಲೂ
ಜಾಗವಿಲ್ಲದ ಸಂಖ್ಯೆ.
ಅದರ ನೆತ್ತಿಯ ಮೇಲೆ, ಯಂತ್ರ ಓದದೆ ದಾಟಿಹೋಗುವ ಸಾಲಿನಲ್ಲಿ,
ಮುಂದೆ ಈ ಕುರ್ಚಿಯಲ್ಲಿ ಕೂರುವವರಿಗೆ:
ಇದು ನೋಲ್ಬೆರ್ತೊ ಬೆರಳು. ತಿದ್ದಬೇಡಿ.

ಮೂಟೆ ಯಾರದೆಂದು ಇನ್ನೂ ತಿಳಿದಿಲ್ಲ.
ಎದಿಲಿಯಾಳ ಕಿಟಕಿಯ ಕೆಳಗೆ ಮೊಳಕೆ ಬಿಡುತ್ತಿದೆ.
ಬಿಟ್ಟುಹೋದ ಸಾಮಾನಿಗೂ ಒಂದು ಪರದೆ ಬೇಕಂತೆ, ಶುಕ್ರವಾರದೊಳಗೆ.
ಕೂತಿದ್ದೇನೆ.
ಕಂಬದೊಳಗೊಂದು ಸಾಲು.